ಶಾಲೆಯ ಹೊಸ್ತಿಲಿನಾಚೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಶಾಲೆಗಳ ಅಳಿವು ಉಳಿವನ್ನು ಕುರಿತು ಈ ವೇದಿಕೆಯಲ್ಲಿ ಪ್ರತಿವರ್ಷವೂ ಮಾತು ನಡೆಯುತ್ತದೆ. ಇಂದು ಆ ಶಾಲೆಗಳಲ್ಲಿರುವ ವಿಕಲಚೇತನ ಮಕ್ಕಳ ಮುಂದಿನ ದಾರಿಯನ್ನು ಕುರಿತು ಎರಡು ಮಾತು ಅರಿಕೆಮಾಡಿಕೊಳ್ಳಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಅಂಧ ಬಾಲಕನೊಬ್ಬನಿದ್ದನು. ಷಟ್ಪದಿಯನ್ನು ಒಮ್ಮೆ ಕೇಳಿದರೆ ಸಾಕು, ಗಣ ವಿಂಗಡಿಸಿ ಹೇಳಬಲ್ಲ ಜಾಣ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅವನ ಪರವಾಗಿ ಬರೆಯಲು ಬಂದವರಿಗೆ ಕನ್ನಡ ಬರೆಯಲು ಬಾರದು! ಬೇರೊಬ್ಬರನ್ನು ಕರೆತರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಮೊದಲೇ ವಿಚಾರಿಸದಿದ್ದ ನಮಗೂ ಆ ತಪ್ಪಿನಲ್ಲಿ ಪಾಲುಂಟು. ಹುಡುಗನೇನೋ ತೇರ್ಗಡೆಯಾದನು, ಕಾಲೇಜಿಗೆ ಮಾತ್ರ ಹೋಗಲಿಲ್ಲ. ಅಲ್ಲಿಯೂ ಹೀಗೆಯೇ ಆದರೇನು ಗತಿ ಎಂದು ಅವನ ತಾಯಿ ಅಂಜಿದರು.

ಕಾನೂನು ಕೈಬಿಟ್ಟಿಲ್ಲ. 2016ರ ಅಧಿನಿಯಮದಂತೆ, ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇಕಡ 5ರಷ್ಟು ಸ್ಥಾನ, ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ, ಸರಕಾರಿ ನೌಕರಿಯಲ್ಲಿ ಶೇಕಡ 4ರಷ್ಟು ಮೀಸಲು ಉಂಟು. ಶೇಕಡ 40 ಇಲ್ಲದಿದ್ದರೂ ಬರೆಯಲು ತೊಡಕಿರುವವರಿಗೆ ಬರೆಹಗಾರರ ನೆರವು ಸಲ್ಲತಕ್ಕದ್ದೆಂದು 2021ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದರೆ ಪ್ರಮಾಣಪತ್ರವಿಲ್ಲದೆ ಮೀಸಲು ಸ್ಥಾನ ದೊರೆಯದು. ಅದನ್ನು ಒಂಬತ್ತನೆಯ ತರಗತಿಯಲ್ಲಿಯೇ ಮಾಡಿಸಿಡಬೇಕು. (ಸೇಲಂ ಒಡೆದು 1965ರಲ್ಲಿ ಧರ್ಮಪುರಿ, ಧರ್ಮಪುರಿ ಒಡೆದು 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು, ಹೊಸೂರಿನ ಹಿರಿಯರು ಈಗಲೂ ಒಮ್ಮೊಮ್ಮೆ ಧರ್ಮಪುರಿಯ ಬಸ್ಸು ಹತ್ತುವುದುಂಟು.)

ಕಾಲೇಜಿನ ಪಾಠ ತಮಿಳಿನಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಓದಿದ ಮಗುವಿಗೆ ಇದು ಎರಡನೆಯ ಹೊಸ್ತಿಲು. ಇಲ್ಲೊಂದು ಸೋಜಿಗವನ್ನು ಹೇಳಬೇಕು. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಲಿಪಿಯಲ್ಲಿ ಕನ್ನಡದ ಕಕಾರಕ್ಕೂ ತಮಿಳಿನ ಕಕಾರಕ್ಕೂ ಚುಕ್ಕಿಗಳು ಒಂದೇ. ಕಣ್ಣುಳ್ಳವರಿಗೆ ಬೇರೆಬೇರೆಯಾಗಿ ಕಾಣುವ ಅಕ್ಷರ ಬೆರಳಿಗೆ ಒಂದೇ ಆಗಿ ತಿಳಿಯುತ್ತದೆ. ಬೀದಿಯಲ್ಲಿ ತಮಿಳಾಡುವ ನಮ್ಮ ಮಕ್ಕಳಿಗೆ ಬ್ರೈಲ್ ಕಲಿಸಿದ್ದಾದರೆ ಈ ಹೊಸ್ತಿಲು ಅಷ್ಟೊಂದು ಎತ್ತರವಲ್ಲ.

ಅಂಧರೆಂದೊಡನೆ ಸಂಗೀತವೆನ್ನುವುದು ರೂಢಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ತಾವು ಅಂಧರಾಗಿದ್ದು ಎಷ್ಟೋ ಅಂಧ ಮಕ್ಕಳಿಗೆ ವಿದ್ಯೆಯನ್ನೂ ಬದುಕನ್ನೂ ಕೊಟ್ಟರು. ಅವರಿಗೆ ನಮಸ್ಕಾರ. ಆದರೆ ಕಂಠವಿಲ್ಲದ ಮಗುವೂ ಉಂಟಷ್ಟೆ! ಲೆಕ್ಕ ಬಲ್ಲವನು ಬ್ಯಾಂಕಿಗೆ ಹೋಗಲಿ, ವ್ಯಾಕರಣ ಬಲ್ಲವನು ನಮ್ಮ ಕುರ್ಚಿಗೇ ಬರಲಿ.

ಸಂಘದಲ್ಲಿ ನಮ್ಮ ಬೇಡಿಕೆ ಒಂದೇ. ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂಗಳಲ್ಲಿ ಕನ್ನಡವನ್ನು ತಪ್ಪಿಲ್ಲದೆ ಬರೆಯಬಲ್ಲವರ ಪಟ್ಟಿಯೊಂದನ್ನು ಪರೀಕ್ಷೆಗೆ ಮೂರು ತಿಂಗಳು ಮುಂಚೆ ಸಿದ್ಧಪಡಿಸಿ ಶಿಕ್ಷಣಾಧಿಕಾರಿಗಳಿಗೆ ಒಪ್ಪಿಸಬೇಕು. ಕಾಗದವನ್ನು ಈ ಮೇಜಿನ ಮೇಲೆ ಇಟ್ಟಿದ್ದೇವೆ. ಮೊದಲ ಹೆಸರು ನಮ್ಮದು. ಎರಡನೆಯದನ್ನು ಬರೆಯಲು ತಾವು ದಯಮಾಡಿಸಬೇಕು.