ಮನೆಯಲ್ಲಿ ಹುಟ್ಟಿದ ಆಕಾಶವಾಣಿ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂಥ ಮಹೋತ್ಸವಗಳಲ್ಲಿ ಕಳಸವಿಡಿಸಿದವರನ್ನೂ ದಾಸೋಹಕ್ಕೆ ಭೂಮಿ ಬಿಟ್ಟವರನ್ನೂ ನೆನೆಯುವುದು ವಾಡಿಕೆ. ಅವರು ಕೊಟ್ಟುದು ಕಣ್ಣಿಗೆ ಕಾಣುವುದು. ಆದುದರಿಂದ ಹೆಸರೂ ಉಳಿಯುವುದು. ಕಾಣದ ವಸ್ತುವನ್ನು ಕೊಟ್ಟ ಮಹನೀಯರೊಬ್ಬರನ್ನು ನೆನೆಯಲು ನಾನಿಂದು ನಿಂತಿರುವೆನು.

ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ದೃಷ್ಟಿಯಿಲ್ಲದ ಹಿರಿಯರೊಬ್ಬರು ಅಲ್ಲಿದ್ದರು. ಧಾರವಾಡ ನಿಲಯದಿಂದ ವಚನಗಾಯನ ಬರುವ ಹೊತ್ತಿಗೆ ಕಟ್ಟೆಯ ಮೇಲೆ ರೇಡಿಯೋದ ಬದಿಯಲ್ಲಿ ಕುಳಿತು, "ಸುಮ್ಮನಿರ್ರಪ್ಪಾ, ವಚನ ಹಾಡಾಕ ಹತ್ಯಾರ" ಎಂದು ನಮ್ಮ ಗದ್ದಲವನ್ನಡಗಿಸುವರು. ಹೊತ್ತಗೆ ಮುಂದಿಟ್ಟುಕೊಂಡೂ ನಾವು ತಡವರಿಸುತ್ತಿದ್ದ ವಚನಗಳನ್ನು ಅವರು ಕೇಳಿಕೇಳಿಯೇ ಕಂಠಸ್ಥ ಮಾಡಿಕೊಂಡಿದ್ದರು. ಒಂದು ದಿನ, "ನಮ್ಮ ಕನ್ನಡ ನಾಡಿನಾಗ ಇದನ್ನ ಮೊದಲ ಯಾರು ಸುರು ಮಾಡಿದ್ರಪ್ಪಾ?" ಎಂದು ಕೇಳಿದರು. ನನಗೆ ತಿಳಿದಿರಲಿಲ್ಲ. ಉತ್ತರವು ತಿಳಿಯುವಷ್ಟರಲ್ಲಿ ಅವರು ಲಿಂಗೈಕ್ಯರಾಗಿದ್ದರು. ಅಂದು ಕೊಡಲಾರದ ಉತ್ತರವನ್ನು ಇಂದು ನಿಮ್ಮ ಮುಂದಿಡುವೆನು.

ಅವರು ಮೈಸೂರಿನ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ಶಾಸ್ತ್ರದ ವಿಭಾಗವನ್ನು ಕಟ್ಟಿದವರು. ಅಧ್ಯಾಪಕನಿಗೆ ಇಷ್ಟೇ ಸಾಕೆಂದು ಅವರು ಕುಳಿತುಕೊಳ್ಳಲಿಲ್ಲ. 1935ನೆಯ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಸ್ವಂತ ಮನೆಯಲ್ಲಿಯೇ ಅಲ್ಪಶಕ್ತಿಯ ಯಂತ್ರವನ್ನಿರಿಸಿ ಪ್ರಸಾರವನ್ನಾರಂಭಿಸಿದರು. ಹಗಲು ಕಾಲೇಜಿನಲ್ಲಿ ಮನಸ್ಸಿನ ಪಾಠ. ಮನೆಯಲ್ಲಿ ಊರ ಮನಸ್ಸಿಗೆ ಹಾಡು, ಮಾತು. ಆಯುಷ್ಯವನ್ನು ತುಂಬಿ ಬದುಕುವುದೆಂದರೆ ಇದೇ ಅಲ್ಲವೆ?

ಶಬ್ದವು ಆಕಾಶದ ಗುಣವೆಂದು ತರ್ಕಶಾಸ್ತ್ರವು ಹೇಳುವುದು. ರೇಡಿಯೋದಲ್ಲಿಯಾದರೋ ಶಬ್ದವೇ ಅಷ್ಟು ದೂರ ಸಾಗುವುದಿಲ್ಲ; ವಿದ್ಯುತ್ಕಾಂತ ತರಂಗವು ಅದರ ಗುರುತನ್ನು ಹೊತ್ತೊಯ್ಯುವುದು, ಕೇಳುವವನ ಯಂತ್ರವು ಮರಳಿ ಶಬ್ದವನ್ನಾಗಿಸುವುದು. ಪುರಾಣದ ಅಶರೀರವಾಣಿಯು ಒಬ್ಬಿಬ್ಬರಿಗೆ ಕೇಳಿಸಿತು. ಈ ವಾಣಿಯಾದರೋ ಯಾರ ಹೊಸಿಲಲ್ಲಿಯೂ ಕುಲವನ್ನು ವಿಚಾರಿಸದೆ ಒಳಹೊಕ್ಕಿತು. ಮೈಸೂರಿನ ಆ ನಿಲಯಕ್ಕೆ "ಆಕಾಶವಾಣಿ" ಎಂಬ ಹೆಸರಾಯಿತು.

ಒಬ್ಬರ ಕೈಯಿಂದ ನಡೆಯತಕ್ಕ ವೆಚ್ಚ ಅದಾಗಿರಲಿಲ್ಲ. ಕೆಲವು ವರ್ಷಗಳ ತರುವಾಯ ಅದು ಮೈಸೂರು ಸಂಸ್ಥಾನದ ವಶಕ್ಕೂ, 1950ರಲ್ಲಿ ಅಖಿಲ ಭಾರತ ರೇಡಿಯೋದ ವಶಕ್ಕೂ ಬಂದಿತು. ಅದೇ ವರ್ಷ ಧಾರವಾಡದಲ್ಲಿಯೂ ನಿಲಯವಾಯಿತು. ಆ ದಶಕದಲ್ಲಿಯೇ "ಆಕಾಶವಾಣಿ" ಎಂಬುದು ಭಾರತದ ರೇಡಿಯೋಗೆ ಹೆಸರಾಯಿತು. ಆಗ ನಮ್ಮ ಕೋಗಳಿ ಸೀಮೆಯು ಬಳ್ಳಾರಿ ಜಿಲ್ಲೆಯೊಡನೆ 1953ರವರೆಗೆ ಮದರಾಸಿಗೆ ಸೇರಿದ್ದಿತು. ರಾಜ್ಯದ ಗಡಿಗಳು ಬದಲಾಗುವ ಮೊದಲೇ ಕನ್ನಡದ ದನಿಗೆ ಗಡಿಯಿಲ್ಲದ ದಾರಿಯೊಂದು ತೆರೆದಿದ್ದಿತು.

ಹೆಸರು ಕೋಟಿ ನಾಲಗೆಗಳ ಮೇಲಿರುವುದು. ಅದಕ್ಕೆ ಮನೆಗೊಟ್ಟವರನ್ನು ಬಲ್ಲವರು ವಿರಳ. ಶರಣರೆ, ಇಂದು ಮನೆಗೆ ಹೋಗಿ ರೇಡಿಯೋದಲ್ಲಾಗಲಿ ಕೈಯೊಳಗಿನ ಯಂತ್ರದಲ್ಲಾಗಲಿ ವಚನವನ್ನು ಕೇಳುವಾಗ, ಪಕ್ಕದ ಮಗುವಿಗೆ ಆ ಪುಣ್ಯವಂತರ ಹೆಸರನ್ನು ಹೇಳಿರಿ. ಮಗು ಕೇಳಿದಾಗ ನನ್ನಂತೆ ನೀವು ಸುಮ್ಮನೆ ನಿಲ್ಲುವಂತಾಗದಿರಲಿ.