ಕಟ್ಟೆಯ ಮೇಲೆ ಕೂತವರು



ರಾತ್ರಿ ತೋಟದಲ್ಲಿ ತೆಂಗಿನಕಾಯಿ ಕಳವಾದರೆ ಬೆಳಿಗ್ಗೆ ಊರಿನ ಕಣ್ಣು ಮೊದಲು ಹೋಗುವುದು ಅರಳಿಕಟ್ಟೆಯ ಕಡೆಗೆ. ಅಲ್ಲಿ ಮೊಬೈಲು ಹಿಡಿದು ಕೂತ ಹುಡುಗರಲ್ಲಿ ಒಬ್ಬನ ಹೆಸರು ತಿಂಡಿ ಹೊತ್ತಿಗೆಲ್ಲ ಹೋಟೆಲ್ಲಿನ ಬೆಂಚಿನ ಮೇಲೆ ಇತ್ಯರ್ಥವಾಗಿರುತ್ತದೆ.

ಕಳೆದುಕೊಂಡವರ ಸಂಕಟವೇನೂ ಸಣ್ಣದಲ್ಲ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಕೆಡವಿದ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಒಣಗಬೇಕು. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಬಿಡಿಸಿ, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಹಾಕಬೇಕು. ಮಗಳ ಫೀಸು, ಸೊಸೈಟಿ ಸಾಲ ಎಲ್ಲ ಆ ಅಟ್ಟವನ್ನೇ ನೆಚ್ಚಿಕೊಂಡಿರುತ್ತವೆ. 2025ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇದ್ದರೆ, ಮಾರುಕಟ್ಟೆಯ ಧಾರಣೆ 20,000 ದಾಟಿ ಓಡಿತು. ಹೀಗಿರುವಾಗ ಒಂದು ಚೀಲ ಹೋದರೂ ಹೊಟ್ಟೆ ಉರಿಯುತ್ತದೆ.

ಆದರೆ ಕದ್ದ ಕಾಯನ್ನು ಯಾರೋ ಕೊಳ್ಳಲೇಬೇಕಲ್ಲ! ಮೀಸೆ ಚಿಗುರದ ಹುಡುಗನೊಬ್ಬ ಬೈಕಿನ ಮೇಲೆ ಅರ್ಧ ಚೀಲ ತಂದಿಳಿಸಿದಾಗ "ಯಾರ ತೋಟದ್ದಪ್ಪಾ?" ಎಂದು ಕೇಳದೆ, ಅಗ್ಗಕ್ಕೆ ಎಣಿಸಿ ಹಾಕಿಕೊಳ್ಳುವವರು ಊರಿನ ದೊಡ್ಡ ಮನುಷ್ಯರೇ. ಮಧ್ಯಾಹ್ನ ಅದೇ ಹೋಟೆಲ್ಲಿನಲ್ಲಿ "ಈಗಿನ ಹುಡುಗರು ಕೆಟ್ಟೋದ್ರು" ಅನ್ನುವವರೂ ಅವರೇ. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಕಾನೂನಿನ ಕಣ್ಣಿಗೆ ಅಪರಾಧ. ಇನ್ನು ಆ ಬೈಕು? ಕೀಲಿ ಕೊಟ್ಟವರು ಅಪ್ಪ. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತನ ಕೈಗೆ ವಾಹನ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಯಾವುದು ತಪ್ಪು, ಯಾವುದು ಜಾಣತನ ಎಂದು ಹುಡುಗರು ಕಲಿಯುವುದು ನಮ್ಮನ್ನು ನೋಡಿಯೇ.

ಎಳೆಯರ ವಿಷಯದಲ್ಲಿ ಊರಿಗಿಂತ ಕಾನೂನೇ ಮೆದು. 2015ರ ಬಾಲನ್ಯಾಯ ಕಾಯಿದೆಯಂತೆ ಹದಿನೆಂಟು ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಅವರ ಗುರುತು ಪ್ರಕಟಿಸುವಂತಿಲ್ಲ. ವಯಸ್ಕರಿಗೂ ಅಷ್ಟೆ: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಕಳವಿಗೆ, ಮಾಲು ಹಿಂದಿರುಗಿಸಿದರೆ, ಸಮುದಾಯ ಸೇವೆಯೇ ಶಿಕ್ಷೆ. ನಾವೋ, ಬರೀ ಅನುಮಾನದ ಮೇಲೆ ಹುಡುಗನ ಫೋಟೊ ವಾಟ್ಸಾಪಿಗೆ ಹಾಕುತ್ತೇವೆ. ಹತ್ತು ವರ್ಷದ ಮೇಲೆ ಹೆಣ್ಣು ಕೇಳಲು ಹೋದಾಗಲೂ ಆ ಮಾತು ಎದ್ದು ಬರುತ್ತದೆ.

ಹುಡುಗರ ಮೇಲೆ ಅನುಮಾನವಾದರೂ ಬೀಳುತ್ತದೆ; ಇನ್ನು ಹುಡುಗಿಯರನ್ನು ನಿಮಗೇನು ಕಷ್ಟವೆಂದು ಯಾರೂ ಕೇಳುವುದೇ ಇಲ್ಲ. ಸಂಜೆ ಬಸ್ಸಿಳಿದು ತೋಟದ ಸಾಲಿನಲ್ಲಿ ಮನೆಗೆ ನಡೆಯುವ ಕಾಲೇಜು ಹುಡುಗಿಗೆ, ದಾರಿಯ ಪಕ್ಕ ಕುಡಿಯುತ್ತಾ ಕೂತವರು ಏನಂದರು, ಎಷ್ಟು ದೂರ ಹಿಂದೆ ಬಂದರು ಎಲ್ಲ ನೆನಪಿದೆ. "ಮನೇಲಿ ಹೇಳ್ಬಾರ್ದೇನಮ್ಮಾ?" ಎಂದರೆ, "ಹೇಳಿದ್ರೆ ನನ್ನ ಕಾಲೇಜು ಬಿಡಿಸ್ತಾರೆ" ಅನ್ನುತ್ತಾಳೆ. ತಪ್ಪು ಮಾಡಿದವರು ಕೂತಲ್ಲೇ ಕೂತಿರುತ್ತಾರೆ, ಓದು ನಿಲ್ಲುವುದು ಅವಳದು. ಅವಳ ಲೆಕ್ಕ ಸುಳ್ಳು ಎನ್ನಲು ನನಗೆ ಧೈರ್ಯವಿಲ್ಲ.

ನಮ್ಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಕ್ಕಳು ಶೌಚಾಲಯ ಕೇಳುತ್ತಾರೆ, ಆಟದ ಮೈದಾನ ಕೇಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಈ ಸಲ ಹೆಸರು ಬರೆಯದ ಚೀಟಿ ಹಾಕಲು ಅಲ್ಲೊಂದು ಡಬ್ಬ ಇಟ್ಟು, "ಊರಲ್ಲಿ ನಿಮಗೆ ಭಯ ಎಲ್ಲಿ, ಯಾರಿಂದ?" ಎಂದು ಕೇಳಿ ನೋಡಬಹುದು. ಚೀಟಿಯಲ್ಲಿರುವ ಹೆಸರಿನವರು ಸಭೆಯ ಮುಂದಿನ ಸಾಲಿನಲ್ಲೇ ಕೂತಿದ್ದರೆ ಏನು ಮಾಡುವುದು ಎಂಬುದನ್ನು ಮಾತ್ರ ಮೊದಲೇ ಯೋಚಿಸಿಟ್ಟುಕೊಳ್ಳಬೇಕು.