ಸುದ್ದಿಯ ಸರತಿಯಲ್ಲಿ ಯಾರು ಮೊದಲು?



ಬಂಟ್ವಾಳದಲ್ಲಿ ನೇತ್ರಾವತಿ ಅಪಾಯದ ಮಟ್ಟ ಮೀರಿ ಹರಿದರೆ ಅದು ಅಂದೇ ಸುದ್ದಿಯಾಗುತ್ತದೆ. ಮೂಡಬಿದಿರೆಯ ಹೆದ್ದಾರಿಯಲ್ಲಿ ಬಸ್ಸು ಮಗುಚಿದರೂ ಹಾಗೆಯೇ. ಆದರೆ ಬೆಳ್ತಂಗಡಿ ತಾಲೂಕಿನ ಗುಡ್ಡದ ಬದಿಯ ಮನೆಯೊಂದರಲ್ಲಿ ಹತ್ತು ವರ್ಷದ ಮಗು ಎದ್ದು ಕೂರಲಾರದೆ ಮಲಗಿದ್ದರೆ, ಅದು ಯಾವ ದಿನದ ಸುದ್ದಿ? ಇಂದಿನ ನಮ್ಮ ವಿಚಾರ ಈ ಪ್ರಶ್ನೆಗೆ ಸಂಬಂಧಿಸಿದ್ದು.

1968ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಸಂದರ್ಭದಲ್ಲಿ ಮ್ಯಾಕ್ಸ್‌ವೆಲ್ ಮೆಕೋಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಇಬ್ಬರು ಪ್ರಾಧ್ಯಾಪಕರು, ಚಾಪೆಲ್ ಹಿಲ್ ಎಂಬ ಊರಿನಲ್ಲಿ ಇನ್ನೂ ಮನಸ್ಸು ಗಟ್ಟಿ ಮಾಡಿಕೊಳ್ಳದ 100 ಮತದಾರರನ್ನು ಮಾತನಾಡಿಸಿದರು. ದೇಶದ ಮುಖ್ಯ ಸಮಸ್ಯೆಗಳು ಯಾವುವು ಎಂದು ಕೇಳಿದರು. ಬಂದ ಉತ್ತರಗಳ ಕ್ರಮವೂ ಪತ್ರಿಕೆ, ಟೆಲಿವಿಷನ್‌ಗಳು ಆ ವಿಷಯಗಳಿಗೆ ಕೊಟ್ಟ ಪ್ರಾಮುಖ್ಯದ ಕ್ರಮವೂ ಬಹುಮಟ್ಟಿಗೆ ಹೊಂದಿಕೊಂಡಿದ್ದವು. 1972ರಲ್ಲಿ ಅವರು ಈ ಅಧ್ಯಯನವನ್ನು ಪ್ರಕಟಿಸಿದರು. ಮಾಧ್ಯಮಗಳು ನಮ್ಮ ಅಭಿಪ್ರಾಯವನ್ನು ಬದಲಿಸಲಿ ಬಿಡಲಿ, ಯಾವುದರ ಬಗ್ಗೆ ಅಭಿಪ್ರಾಯ ಇರಬೇಕು ಎಂಬುದನ್ನು ಬಹಳಷ್ಟು ಸಲ ಅವೇ ತೀರ್ಮಾನಿಸುತ್ತವೆ ಎಂಬುದು ಇದರ ತಾತ್ಪರ್ಯ.

ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯ ಗೇರು ತೋಟಗಳಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಗುತ್ತಿತ್ತು. ಪಡ್ರೆ ಗ್ರಾಮದ ಸುತ್ತ ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಕೃಷಿಕ, ಪತ್ರಕರ್ತ ಶ್ರೀ ಪಡ್ರೆಯವರು ಗಮನಿಸಿ 1979ರಲ್ಲಿಯೇ ಬರೆದರು. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಅಸಹಜ ಕಾಯಿಲೆಗಳನ್ನು ಗುರುತಿಸಿ ಎಚ್ಚರಿಸಿದರು. ಆದರೂ ದೇಶ ಇತ್ತ ತಿರುಗಿ ನೋಡಿದ್ದು 2001ರ ಹೊತ್ತಿಗೆ, ದಿಲ್ಲಿಯ ಪತ್ರಿಕೆಗಳೂ ಮಲಯಾಳಂ ಮಾಧ್ಯಮಗಳೂ ಚಿತ್ರಸಹಿತ ಮತ್ತೆ ಮತ್ತೆ ಬರೆದಾಗ. ಒಂದೇ ವರದಿ ಸಾಲಲಿಲ್ಲ. ಸುದ್ದಿಗೆ ಸಿಕ್ಕ ಜಾಗ, ಜೊತೆಗಿದ್ದ ಚಿತ್ರ, ಬಿಡದೆ ನಡೆದ ಪುನರಾವರ್ತನೆ, ಈ ಮೂರೂ ಸೇರಿದಾಗ ಅದು ಸಾರ್ವಜನಿಕ ಪ್ರಶ್ನೆಯಾಯಿತು.

ಇದೇ ಕೀಟನಾಶಕವನ್ನು ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಸರ್ಕಾರಿ ಗೇರು ತೋಟಗಳಿಗೂ ಆಕಾಶದಿಂದಲೇ ಸಿಂಪಡಿಸಲಾಗಿತ್ತು. ಇಲ್ಲಿಯೂ ಮಕ್ಕಳು ಹಾಸಿಗೆ ಹಿಡಿದಿದ್ದರು. ಆದರೆ ಎಂಡೋಸಲ್ಫಾನ್ ಎಂದರೆ ಕೇರಳದ ಸಮಸ್ಯೆ ಎಂದೇ ನಮ್ಮಲ್ಲಿ ಹಲವರು ತಿಳಿದಿದ್ದರು. ವಿಷಕ್ಕೆ ಗಡಿಯಿರಲಿಲ್ಲ, ಸುದ್ದಿಗೆ ಗಡಿಯಿತ್ತು. ಸಂತ್ರಸ್ತರು ಸಂಘಟಿತರಾಗಿ ಹೋರಾಟಕ್ಕಿಳಿದ ಮೇಲೆ, ಕನ್ನಡ ಪತ್ರಿಕೆಗಳೂ ವಾಹಿನಿಗಳೂ ಆ ಮನೆಗಳ ಒಳಗಿನ ಸ್ಥಿತಿಯನ್ನು ತೋರಿಸಿದವು. 2010ರಲ್ಲಿ ರಾಜ್ಯ ಸರ್ಕಾರ ತಲಾ 50,000 ರೂಪಾಯಿಗಳ ಪರಿಹಾರ ನೀಡಿತು. 2011ರಲ್ಲಿ ಕರ್ನಾಟಕದಲ್ಲಿ ನಿಷೇಧ ಬಂತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಮುಂದೆ ಹೈಕೋರ್ಟಿನ ಮಧ್ಯಪ್ರವೇಶದಿಂದ ಮಾಸಾಶನದ ವ್ಯವಸ್ಥೆ ಬಲಗೊಂಡಿತು. ಕೊಕ್ಕಡದಲ್ಲಿ ಪಾಲನಾ ಕೇಂದ್ರವೂ ಬಂತು.

ಯೋಚಿಸಿ ನೋಡಿ. ಆ ಮಕ್ಕಳ ಕಾಯಿಲೆ 2010ರಲ್ಲಿ ಆರಂಭವಾದದ್ದಲ್ಲ. ನಾವು ಅವರನ್ನು ಲೆಕ್ಕಕ್ಕೆ ಹಿಡಿದದ್ದು ಮಾತ್ರ ಆಗ.

ಇಂಥ ವಿಳಂಬಕ್ಕೆ ಕಾರಣವೇನು? ಪತ್ರಿಕೆಯಲ್ಲಿ ಪುಟಗಳು ಎಣಿಕೆಯವು, ವಾರ್ತೆಯಲ್ಲಿ ನಿಮಿಷಗಳು ಎಣಿಕೆಯವು. ಯಾವುದೋ ಒಂದು ಒಳಗೆ ಬರಬೇಕಾದರೆ ಇನ್ನೊಂದು ಹೊರಗುಳಿಯಲೇಬೇಕು. ಆಯ್ಕೆಯಲ್ಲಿ ಗೆಲ್ಲುವುದು ಸಾಮಾನ್ಯವಾಗಿ ಇಂತಹ ದಿನ ನಡೆಯಿತು ಎಂದು ಹೇಳಬಹುದಾದ ಘಟನೆ. ನೆರೆ ಒಂದು ಘಟನೆ; ಮೆಲ್ಲನೆ ಬತ್ತುವ ಬಾವಿ ಘಟನೆಯಲ್ಲ. ಅಪಘಾತ ಘಟನೆ, ಅದಕ್ಕೆ ಕಾರಣವಾದ ಇಕ್ಕಟ್ಟಿನ ತಿರುವು ಘಟನೆಯಲ್ಲ. ಅಲ್ಲದೆ ಒಂದು ತಾಲೂಕಿನ ಸುದ್ದಿ ಸ್ಥಳೀಯ ಪುಟದಲ್ಲೇ ಉಳಿದುಬಿಟ್ಟರೆ, ನೆರೆಯ ತಾಲೂಕಿಗೇ ಅದು ಸರಿಯಾಗಿ ತಲುಪುವುದಿಲ್ಲ. ಬೆಂಗಳೂರಿಗೆ ತಲುಪುವುದಂತೂ ದೂರದ ಮಾತು.

ಹಾಗೆಂದು ಎಲ್ಲ ತಪ್ಪನ್ನೂ ಮಾಧ್ಯಮಗಳ ತಲೆಗೆ ಕಟ್ಟುವುದು ಸರಿಯಲ್ಲ. ಪಡ್ರೆಯ ಕರುಗಳ ವಿಷಯವನ್ನು ಮೊದಲು ಬರೆದವರೂ ಪತ್ರಕರ್ತರೇ. ಓದುಗರು ಕೇಳದೆ ಹೋದರೆ ಒಳ್ಳೆಯ ವರದಿಯೂ ಮರುದಿನ ರದ್ದಿಯಾಗುತ್ತದೆ.

ನಿಮಗೊಂದು ಸಣ್ಣ ಕೆಲಸ ಸೂಚಿಸುತ್ತೇನೆ. ನಿಮ್ಮ ಶಾಲೆ ಅಥವಾ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ವಾರದ ಪತ್ರಿಕೆಗಳನ್ನು ತೆಗೆದುಕೊಳ್ಳಿ. ಮುಖಪುಟದಲ್ಲಿ ಯಾವ ವಿಷಯಕ್ಕೆ ಎಷ್ಟು ಜಾಗ ಸಿಕ್ಕಿದೆ ಎಂದು ಅಳೆಯಿರಿ. ಬಳಿಕ ನಿಮ್ಮ ಊರಿನ ಹತ್ತು ಮನೆಗಳಿಗೆ ಹೋಗಿ, ಇಲ್ಲಿನ ದೊಡ್ಡ ತೊಂದರೆ ಯಾವುದು ಎಂದು ಕೇಳಿ. ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಡಿ. ಎರಡನೆಯ ಪಟ್ಟಿಯಲ್ಲಿದ್ದು ಮೊದಲನೆಯದರಲ್ಲಿ ಇಲ್ಲದ ವಿಷಯ ಕಂಡರೆ, ಅದರ ಬಗ್ಗೆ ವಾಚಕರ ವಾಣಿಗೆ ನಾಲ್ಕು ಸಾಲು ಬರೆಯಿರಿ. ಒಮ್ಮೆ ಪ್ರಕಟವಾಗದಿದ್ದರೆ ಮತ್ತೊಮ್ಮೆ ಬರೆಯಿರಿ.

ಸುದ್ದಿಯನ್ನು ನಂಬಬೇಕೆ ಬೇಡವೆ ಎಂದು ಕೇಳುವುದನ್ನು ನಾವು ಕಲಿತಿದ್ದೇವೆ. ಸುದ್ದಿಯಲ್ಲಿ ಇಲ್ಲದಿರುವುದು ಏನು ಎಂದು ಕೇಳುವುದನ್ನೂ ಕಲಿಯಬೇಕಾಗಿದೆ.